ತೆರೆಯ ಮೇಲಿನ ಕಾಲಜ್ಞಾನ : '೨೦೭೩' ಚಿತ್ರದ ವಿಮರ್ಶೆ

ಕಾಲಜ್ಞಾನವೆಂಬುದು ನಮ್ಮ ನಾಡಿಗೆ ಹೊಸತಲ್ಲ. ಚೆನ್ನಬಸವಣ್ಣನವರ ಹೆಸರಿನಲ್ಲಿ, ಕೊಡೇಕಲ್ ಬಸವಣ್ಣನವರ ಹೆಸರಿನಲ್ಲಿ, ಸರ್ವಜ್ಞನ ಹೆಸರಿನಲ್ಲಿ ಬಂದ ಕಾಲಜ್ಞಾನದ ಹೊತ್ತಿಗೆಗಳು ಮಠಗಳ ಗ್ರಂಥಭಂಡಾರಗಳಲ್ಲಿ ಇಂದಿಗೂ ಇವೆ. ವಿಜಾಪುರ ಸೀಮೆಯ ಬಬಲಾದಿಯ ಜಾತ್ರೆಯಲ್ಲಿ ಓದುವ ಕಾಲಜ್ಞಾನವನ್ನು ಕೇಳಲು ಈಗಲೂ ಜನ ಕಿಕ್ಕಿರಿದು ಕೂಡುವರು. ಮಳೆ ತಪ್ಪುವದು, ಊರು ಪಾಳುಬೀಳುವದು, ಆಳುವವರೇ ಸುಲಿಯುವರು ಎಂದು ಮುಂದಿನ ಕಾಲಕ್ಕೆ ಸೇರಿಸಿ ನುಡಿಯುವ ಈ ಸಾಹಿತ್ಯದ ಒಂದು ಗುಟ್ಟು ವಿದ್ವಾಂಸರಿಗೆ ತಿಳಿದದ್ದೇ. ಮುಂದೆ ಆಗುವದೆಂದು ಹೇಳಿದ ಎಷ್ಟೋ ಸಂಗತಿಗಳು ಹೇಳುವ ಹೊತ್ತಿಗಾಗಲೇ ಆಗಿಹೋಗಿದ್ದವು. ೧೫೬೫ರಲ್ಲಿ ವಿಜಯನಗರ ಹಾಳಾದ ತರುವಾಯ ಬರೆದವರೂ ಆ ನಗರವು ಮುಂದೆ ಹಾಳಾಗುವದೆಂದೇ ಬರೆದರು. ಕಣ್ಣೆದುರಿನ ಸತ್ಯವನ್ನು ನೇರವಾಗಿ ಆಡಲು ಬಾರದಾದಾಗ ಅದನ್ನು ನಾಳೆಯ ಬಾಯಿಂದ ಆಡಿಸುವ ಉಪಾಯವದು.

ಆಸಿಫ್ ಕಪಾಡಿಯಾ ಅವರ '೨೦೭೩' ಎಂಬ ಚಲಚ್ಚಿತ್ರವು ಇದೇ ಉಪಾಯವನ್ನು ಹಿಡಿದಿದೆ. ೨೦೨೪ರ ಸೆಪ್ಟೆಂಬರದಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡು ಆ ವರ್ಷದ ಕೊನೆಗೆ ಅಮೇರಿಕೆಯಲ್ಲಿ ಬಿಡುಗಡೆಯಾದ ಈ ಕೃತಿಯ ನಿರ್ದೇಶಕರು ಲಂಡನ್ನಿನಲ್ಲಿ ಹುಟ್ಟಿ ಬೆಳೆದ ಭಾರತೀಯ ಮೂಲದವರು. ಮೋಟಾರು ಪಂದ್ಯದ ವೀರ ಸೆನ್ನಾನನ್ನು ಕುರಿತು, ಅಕಾಲ ಮರಣಕ್ಕೀಡಾದ ಗಾಯಕಿ ಏಮಿ ವೈನ್‌ಹೌಸಳನ್ನು ಕುರಿತು ಅವರು ತಯಾರಿಸಿದ ಸಾಕ್ಷ್ಯಚಿತ್ರಗಳು ಲೋಕಪ್ರಸಿದ್ಧವಾದವು. ಎರಡನೆಯದಕ್ಕೆ ೨೦೧೬ರಲ್ಲಿ ಆಸ್ಕರ್ ಪ್ರಶಸ್ತಿಯೂ ಬಂತು. ಹಳೆಯ ಚಿತ್ರತುಣುಕುಗಳನ್ನು ಹೊಲಿದು ಅವುಗಳಿಂದಲೇ ಕತೆ ಹೇಳಿಸುವದು ಅವರ ಕೈಚಳಕ. ಈ ಸಲ ಆ ಹೊಲಿಗೆಯೊಳಗೆ ಕಲ್ಪನೆಯ ನೂಲನ್ನೂ ಸೇರಿಸಿದ್ದಾರೆ.

ಕತೆ ಸಣ್ಣದು. ೨೦೭೩ನೆಯ ಇಸವಿ. 'ಆ ಘಟನೆ' ನಡೆದು ಮೂವತ್ತೇಳು ವರ್ಷಗಳಾಗಿವೆ. ಸ್ಯಾನ್‌ಫ್ರಾನ್ಸಿಸ್ಕೋ ಪಟ್ಟಣದ ಪಾಳುಬಿದ್ದ ಅಂಗಡಿ ಸಂಕೀರ್ಣದ ನೆಲಮಾಳಿಗೆಯಲ್ಲಿ ಹೆಸರಿಲ್ಲದ ಹೆಣ್ಣೊಬ್ಬಳು ಅವಿತುಕೊಂಡು ಬದುಕಿರುವಳು. ಜನ ಅವಳನ್ನು 'ಭೂತ'ವೆಂದು ಕರೆಯುವರು. ಸಮಂತಾ ಮಾರ್ಟನ್ ಈ ಪಾತ್ರ ವಹಿಸಿದ್ದಾರೆ. ಅವಳು ಬಾಯಿಬಿಟ್ಟು ಮಾತಾಡುವದಿಲ್ಲ, ಅಂತರಂಗದ ದನಿಯಷ್ಟೇ ನಮಗೆ ಕೇಳುವದು. ಮೇಲೆ ಕೆಂಧೂಳಿನ ಆಕಾಶ, ಅದರಲ್ಲಿ ಕಾವಲು ಕಾಯುವ ಹಾರುಯಂತ್ರಗಳು, ಎತ್ತರದ ಸೌಧಗಳಲ್ಲಿ ಉಳ್ಳವರು. ಅವಳು ತನ್ನ ಅಜ್ಜಿಯ ಕಾಲವನ್ನು ನೆನೆದಾಗ ತೆರೆಯ ಮೇಲೆ ಬರುವ ದೃಶ್ಯಗಳಾವವು? ಅವು ನಟರು ಆಡಿದವುಗಳಲ್ಲ. ನಾವು ನೀವು ನಿನ್ನೆ ಮೊನ್ನೆ ಸುದ್ದಿಯಲ್ಲಿ ಕಂಡ ಕಾಳ್ಗಿಚ್ಚು, ನೆರೆಹಾವಳಿ, ಲಾಠಿ ಪ್ರಹಾರ, ಚುನಾವಣೆಯ ಸಭೆ, ಕೋಟ್ಯಧೀಶರ ಉತ್ಸವ. ಆ ಕೆಂಪು ಆಕಾಶ ಕೂಡ ಬರಿಯ ಕಲ್ಪನೆಯಲ್ಲ. ೨೦೨೦ರ ಸೆಪ್ಟೆಂಬರ ೯ರಂದು ಕಾಳ್ಗಿಚ್ಚಿನ ಹೊಗೆಯಿಂದ ಸ್ಯಾನ್‌ಫ್ರಾನ್ಸಿಸ್ಕೋದ ಹಗಲು ನಿಜವಾಗಿಯೇ ಕಿತ್ತಳೆ ಬಣ್ಣಕ್ಕೆ ತಿರುಗಿ ನಡುಹಗಲಿನಲ್ಲಿ ದೀಪ ಹಚ್ಚಬೇಕಾಗಿತ್ತು.

ಈ ಕ್ರಮದ ಮೂಲ ಫ್ರಾನ್ಸಿನ ಕ್ರಿಸ್ ಮಾರ್ಕರ್ ೧೯೬೨ರಲ್ಲಿ ತೆಗೆದ 'ಲಾ ಜೆತೇ' ಎಂಬ ೨೮ ನಿಮಿಷದ ಚಿತ್ರದಲ್ಲಿದೆ. ಮೂರನೆಯ ಮಹಾಯುದ್ಧದ ಬಳಿಕ ಪ್ಯಾರಿಸಿನ ನೆಲದಡಿ ಉಳಿದವರ ಕತೆಯನ್ನು ಮಾರ್ಕರ್ ಬಹುಮಟ್ಟಿಗೆ ನಿಶ್ಚಲ ಛಾಯಾಚಿತ್ರಗಳಿಂದಲೇ ಹೇಳಿದ. ಆ ಋಣವನ್ನು ಕಪಾಡಿಯಾ ಮುಚ್ಚಿಟ್ಟಿಲ್ಲ.

ಚಿತ್ರದ ಸತ್ವವೆಲ್ಲ ಅದರ ಸಾಕ್ಷಿಗಳಲ್ಲಿದೆ. ೨೦೨೧ರಲ್ಲಿ ನೋಬೆಲ್ ಶಾಂತಿ ಪಾರಿತೋಷಕ ಪಡೆದ ಫಿಲಿಪೈನ್ಸಿನ ಮರಿಯಾ ರೆಸ್ಸಾ, ನಮ್ಮ ದೇಶದ ರಾಣಾ ಅಯ್ಯೂಬ್, ಇಂಗ್ಲಂಡಿನ ಕ್ಯಾರೋಲ್ ಕ್ಯಾಡ್‌ವಾಲಡರ್ ಎಂಬ ಮೂವರು ಪತ್ರಕರ್ತೆಯರು ಬರೆದದ್ದಕ್ಕಾಗಿ ತಾವು ಉಂಡ ಬೈಗಳು, ಬೆದರಿಕೆ, ನ್ಯಾಯಾಲಯದ ಅಲೆದಾಟಗಳನ್ನು ಹೇಳಿಕೊಳ್ಳುವರು. ಅವರ ಎಲ್ಲ ನಿಲುವುಗಳನ್ನು ವಾಚಕರು ಒಪ್ಪಬೇಕೆಂದಿಲ್ಲ. ಆದರೆ ಒಬ್ಬ ಹೆಣ್ಣುಮಗಳು ಸುಳ್ಳು ಚಿತ್ರ, ಹೊಲಸು ಮಾತುಗಳ ಸುರಿಮಳೆಯ ನಡುವೆಯೂ ಲೇಖಣಿ ಕೆಳಗಿಡದಿರುವದನ್ನು ಕಂಡಾಗ ಅನುಭವ ಮಂಟಪದ ಶರಣೆಯರನ್ನು ಓದಿದವರಿಗೆ ಏನೂ ಅನಿಸದಿರಲಾರದು. ಚೀನದ ಸಿಂಜಿಯಾಂಗದಲ್ಲಿ ಉಯಿಗುರ ಜನರ ಮುಖ ಗುರುತಿಸಿ ಹಿಂಬಾಲಿಸುವ ಯಂತ್ರಗಳ ಭಾಗವೂ ಬಲವಾದುದು. ಇಂಥಲ್ಲಿ ಚಿತ್ರಕ್ಕೆ ಕಲ್ಪನೆಯ ಹಂಗೇ ಬೇಕಿಲ್ಲ.

ಇನ್ನು ದೋಷದ ಮಾತು. ದೃಶ್ಯದ ಮೇಲೆ ದೃಶ್ಯ ಬೀಳುವ ವೇಗದಲ್ಲಿ ಇದು ಯಾವ ಊರು, ಯಾವ ವರ್ಷ ಎಂಬುದು ನೋಡುವವನ ಕೈಗೆ ಹತ್ತುವದಿಲ್ಲ. ಒಂದು ದೇಶದ ನೆರೆ ಇನ್ನೊಂದು ದೇಶದ ನೆರೆಯೊಳಗೆ ಕರಗಿ ಒಂದು ಮಹಾಪ್ರಳಯವಾಗುವದು. ಪ್ರಳಯಕ್ಕೆ ಹೊಣೆಗಾರರಿರುವದಿಲ್ಲ, ನೆರೆಗೆ ಇರುವರು. ನಮ್ಮದೇ ಉದಾಹರಣೆ ತೆಗೆದುಕೊಳ್ಳಬಹುದು. ೨೦೧೯ರ ಆಗಸ್ಟದಲ್ಲಿ ಬೆಳಗಾವಿ ಜಿಲ್ಲೆಯೆಲ್ಲ ನೀರಿನಲ್ಲಿ ನಿಂತಾಗ ಶಹಾಪುರ, ವಡಗಾವಿ ಭಾಗದ ಮನೆಗಳಿಗೂ ನೀರು ನುಗ್ಗಿತು. ನೇಕಾರನಿಗೆ ಮನೆ ಬೇರೆ, ಮಗ್ಗದ ಕೋಣೆ ಬೇರೆ ಇರುವದಿಲ್ಲ. ಉಣ್ಣುವ ನೆಲದ ಮಗ್ಗುಲಲ್ಲೇ ಮಗ್ಗ. ಆ ನೀರು ಆಕಾಶದಿಂದ ಬಿದ್ದದ್ದು ನಿಜ, ಭೂಮಿಯ ತಾಪ ಏರಿದ್ದರಿಂದ ಇಂಥ ಅತಿವೃಷ್ಟಿ ಹೆಚ್ಚುವದೆಂದು ವಿಜ್ಞಾನಿಗಳು ಹೇಳುವದೂ ನಿಜ. ಆದರೆ ಆ ನೀರು ನಿಂತದ್ದು ಬಳ್ಳಾರಿ ನಾಲಾದಲ್ಲಿ ತುಂಬಿದ ಹೂಳಿನಿಂದ, ಕಳೆಯಿಂದ, ದಂಡೆಯ ಒತ್ತುವರಿಯಿಂದ. ಆ ಶಿವಾರದ ಬತ್ತದ ಗದ್ದೆಯವರು ಮಳೆಗಾಲ ಬಂದಾಗಲೆಲ್ಲ ಈ ಮಾತನ್ನು ಹೇಳುತ್ತಲೇ ಬಂದಿರುವರು. ಲೋಕವೇ ಮುಳುಗುವದೆಂದು ಸಾರುವ ಚಿತ್ರವನ್ನು ನೋಡಿ ಎದ್ದವನಿಗೆ ನಾಲಾದ ಹೂಳು ಕ್ಷುಲ್ಲಕವೆನಿಸುವದು. ಹಾಗೆ ಅನಿಸುವದೇ ಅಪಾಯ.

ಇದೇ ಬಗೆಯ ಹಳೆಯ ಕೃತಿಯೊಂದರೊಡನೆ ಹೋಲಿಸಿದರೆ ಈ ಮಾತು ಸ್ಪಷ್ಟವಾಗುವದು. ಪೀಟರ್ ವಾಟ್ಕಿನ್ಸ್ ೧೯೬೫ರಲ್ಲಿ ಬಿ.ಬಿ.ಸಿ.ಗಾಗಿ 'ದಿ ವಾರ್ ಗೇಮ್' ಎಂಬ ಚಿತ್ರ ಮಾಡಿದರು. ಅಣ್ವಸ್ತ್ರ ಬಿದ್ದರೆ ಇಂಗ್ಲಂಡಿನ ಕೆಂಟ್ ಪ್ರಾಂತದ ಗತಿಯೇನು ಎಂಬುದು ಅದರ ವಸ್ತು. ಅಲ್ಲಿಯೂ ನಡೆಯದ ಸಂಗತಿಯನ್ನು ನಡೆದಂತೆ ಸಾಕ್ಷ್ಯಚಿತ್ರದ ರೀತಿಯಲ್ಲಿ ತೋರಿಸಿದೆ. ಆದರೆ ಪ್ರಾಂತದ ಹೆಸರಿದೆ, ಪಟ್ಟಣದ ಹೆಸರಿದೆ, ಬೆಂಕಿ ಆರಿಸುವವರ ಪಾಡು, ವೈದ್ಯರ ಸಂಕಟ, ರೇಶನ್ ಅಂಗಡಿಯ ಜಗಳವಿದೆ. ಅದೆಷ್ಟು ನೇರವಾಗಿ ತಟ್ಟಿತೆಂದರೆ ಮಾಡಿಸಿದ ಸಂಸ್ಥೆಯೇ ಅದನ್ನು ಬಿತ್ತರಿಸಲು ಅಂಜಿ ೧೯೮೫ರವರೆಗೆ ದೂರದರ್ಶನದಲ್ಲಿ ತೋರಿಸಲಿಲ್ಲ. ಬರಿಯ ಕಟ್ಟುಕತೆಯಾದ ಅದಕ್ಕೆ ಸಾಕ್ಷ್ಯಚಿತ್ರಕ್ಕೆ ಕೊಡುವ ಆಸ್ಕರ್ ಪ್ರಶಸ್ತಿ ಬಂದದ್ದು ಒಂದು ವಿನೋದ. ಕಪಾಡಿಯಾರ ಬಳಿ ನಿಜವಾದ ಸಾಕ್ಷಿಗಳಿದ್ದೂ ಅವು ಕತೆಯಂತೆ ಕಾಣುವವು. ವಾಟ್ಕಿನ್ಸರ ಬಳಿ ಕತೆಯಷ್ಟೇ ಇದ್ದು ಅದು ಸಾಕ್ಷಿಯಂತೆ ನಿಂತಿತು. ಫ್ರಾನಿ ಆರ್ಮ್‌ಸ್ಟ್ರಾಂಗರ 'ದಿ ಏಜ್ ಆಫ್ ಸ್ಟುಪಿಡ್' (೨೦೦೯) ಇವೆರಡರ ನಡುವಿನದು. ಅದರಲ್ಲಿ ೨೦೫೫ರ ದಫ್ತರಪಾಲನೊಬ್ಬ ನಮ್ಮ ಕಾಲದ ಆರೇಳು ಜನರ ಬಾಳನ್ನು ತಿರುವಿ ನೋಡುವನು. ಅವರು ಗುಂಪಲ್ಲ, ಹೆಸರುಳ್ಳ ಮನುಷ್ಯರು.

ನಮ್ಮ ಧರ್ಮದ ದೃಷ್ಟಿಯಿಂದ ಇನ್ನೊಂದು ಪ್ರಶ್ನೆ ಏಳುವದು. ಶರಣರು ನರಕವೆಂಬುದನ್ನು ಸತ್ತ ಮೇಲಿನ ಊರೆಂದು ಒಪ್ಪಲಿಲ್ಲ. ಅದನ್ನು ಇಲ್ಲಿಯ ನಡತೆಯಲ್ಲಿಯೇ ಕಂಡರು. ನರಕವನ್ನು ಐವತ್ತು ವರ್ಷ ಮುಂದೂಡುವದಕ್ಕೂ ಸತ್ತ ಮೇಲಕ್ಕೆ ಮುಂದೂಡುವದಕ್ಕೂ ಎಷ್ಟು ಅಂತರ? ಸಿಂಜಿಯಾಂಗದ ಶಿಬಿರದಲ್ಲಿದ್ದವನಿಗೆ ೨೦೭೩ ಆಗಲೇ ಬಂದಿತ್ತು. ಚಿತ್ರದ ಸಾಕ್ಷ್ಯಭಾಗ ಈ ಸತ್ಯವನ್ನು ಹೇಳುವದು. ಕತೆಯ ಭಾಗ ಅದನ್ನೇ ಮತ್ತೆ ನಾಳೆಗೆ ತಳ್ಳುವದು. ಎರಡು ಕೈಗಳು ಒಂದನ್ನೊಂದು ಎಳೆದಾಡಿದಂತಾಗಿದೆ.

ಒಂದು ಗುಣವನ್ನು ಮಾತ್ರ ಮೆಚ್ಚಲೇಬೇಕು. ನಮ್ಮ ಕಾಲಜ್ಞಾನಗಳು ಎಷ್ಟೇ ಹೆದರಿಸಿದರೂ ಕಡೆಗೆ ವೀರ ವಸಂತರಾಯನು ಬರುವನು, ಎಲ್ಲ ನೆಟ್ಟಗಾಗುವದು ಎಂದು ಸಮಾಧಾನ ಹೇಳುವವು. ಕಪಾಡಿಯಾ ಯಾವ ರಾಯನನ್ನೂ ಕಳಿಸುವದಿಲ್ಲ. ಇದೇ ಹೊತ್ತಿಗೆ, ೨೦೨೪ರ ಡಿಸೆಂಬರ ೨೦ರಂದು, ಕನ್ನಡದಲ್ಲಿ ಉಪೇಂದ್ರರ 'ಯುಐ' ಬಂತು. ೨೦೪೦ರ ಹಾಳು ಜಗತ್ತಿನ ಮುನ್ನೋಟ ತೋರಿಸಿ ಪ್ರಚಾರ ಪಡೆದ ಆ ಚಿತ್ರದಲ್ಲಿ ಸತ್ಯ ಮತ್ತು ಕಲ್ಕಿ ಎಂಬ ಎರಡು ಪಾತ್ರಗಳನ್ನು ನಿರ್ದೇಶಕರೇ ವಹಿಸಿದ್ದಾರೆ. ಅಬ್ಬರ ವಿಪರೀತ, ಸಂಕೇತಗಳ ಸಂತೆಯಲ್ಲಿ ದಾರಿ ತಪ್ಪುವಷ್ಟು ಗದ್ದಲ. ಆದರೂ ಅದರ ಒಂದು ಒಳನೋಟ '೨೦೭೩'ರಲ್ಲಿಲ್ಲ. 'ನೀನು-ನಾನು' ಎಂದೂ ಓದಬಹುದಾದ ಆ ಹೆಸರೇ ಹೇಳುವಂತೆ, ಅದು ಬೆರಳನ್ನು ಚಿತ್ರಮಂದಿರದಲ್ಲಿ ಕೂತವನ ಕಡೆಗೆ ತಿರುಗಿಸುವದು. ಲೋಕ ಉರಿಯುವಾಗಲೂ ಜಾತಿಯ ಗುರುತು ಬಿಡದ ನಮ್ಮನ್ನು ಹಾಸ್ಯ ಮಾಡುವದು. ಕಪಾಡಿಯಾರ ಲೋಕದಲ್ಲಿ ದುಷ್ಟರೆಲ್ಲ ಸಿಂಹಾಸನದ ಮೇಲಿರುವರು ಇಲ್ಲವೆ ಕೋಟಿಗಳ ಒಡೆಯರು, ಉಳಿದವರೆಲ್ಲ ನರಳುವವರು.

ದುಡಿಯುವ ಕೈ ಆ ಚಿತ್ರದಲ್ಲಿ ಕಾಣುವದೇ ಇಲ್ಲವೆಂಬುದು ನನ್ನ ದೊಡ್ಡ ತಕರಾರು. ಯಂತ್ರವು ಆಕಾಶದಿಂದ ಇಳಿದುಬಂದು ಜನರನ್ನು ಹಿಡಿಯುವದೆಂದು ಅದು ತೋರಿಸುವದು. ಶಹಾಪುರದ ಅನುಭವ ಬೇರೆ. ಇಲ್ಲಿಯ ಕೈಮಗ್ಗದ ಸೀರೆಗೆ ಊರಿನ ಹೆಸರೇ ಹೆಸರಾಗಿತ್ತು. ವಿದ್ಯುತ್ ಮಗ್ಗವನ್ನು ಇಲ್ಲಿ ಯಾವ ಸರ್ವಾಧಿಕಾರಿಯೂ ಹೇರಲಿಲ್ಲ. ನೇಕಾರರೇ ಸಾಲ ಮಾಡಿ ಮನೆಯೊಳಗೆ ತಂದರು, ಹೊಟ್ಟೆಯ ಲೆಕ್ಕ ಅದನ್ನು ತರಿಸಿತು. ೨೦೨೦ರ ಬಂದಿನಲ್ಲಿ ಅದೂ ಸದ್ದಡಗಿ ನಿಂತಾಗ ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಯಂತ್ರಕ್ಕೂ ಮನುಷ್ಯನಿಗೂ ಇರುವ ಈ ತೊಡಕಿನ ನಂಟು, ಬೇಡವೆಂದರೂ ಬಿಡಲಾಗದ ನಂಟು, 'ಭೂತ'ದ ನೆಲಮಾಳಿಗೆಗೆ ಇಳಿದೇ ಇಲ್ಲ. ಕಾಯಕವನ್ನು ಬಿಟ್ಟು ಬರೆದ ಕಾಲಜ್ಞಾನ ಅರ್ಧ ಜ್ಞಾನ. ಧನವು ಕೆಲವರಲ್ಲೇ ಕೂಡಿಬಿದ್ದುದನ್ನು ಚಿತ್ರ ಸರಿಯಾಗಿಯೇ ಖಂಡಿಸುವದು. ಆ ಧನವನ್ನು ದಿನದಿನವೂ ಹುಟ್ಟಿಸುವವನ ಮುಖವನ್ನು ಒಮ್ಮೆ ತೋರಿಸಿದ್ದರೆ ಖಂಡನೆಗೆ ತೂಕ ಬರುತ್ತಿತ್ತು.

ಮಾರ್ಟನ್ ಅವರ ಅಭಿನಯ ಇವೆಲ್ಲವನ್ನೂ ಮರೆಸುವಷ್ಟು ಉತ್ಕೃಷ್ಟವಾದುದು. ಮಾತಿಲ್ಲದೆ ಬರಿಯ ಕಣ್ಣಿನಿಂದ ಒಂದು ಯುಗದ ದಣಿವನ್ನು ತೋರಿಸಿರುವರು. ಚಿಕ್ಕ ಮಕ್ಕಳಿಗೆ ಈ ಚಿತ್ರ ತಕ್ಕುದಲ್ಲ. ಪ್ರಸಾದನಿಲಯಗಳ ದೊಡ್ಡ ವಿದ್ಯಾರ್ಥಿಗಳಿಗೆ ತೋರಿಸಬಯಸುವವರು, ಒಂದು ತಾಸೂ ಹಿಡಿಯದ 'ದಿ ವಾರ್ ಗೇಮ್' ಚಿತ್ರವನ್ನು ಮೊದಲು ತೋರಿಸಿ, ಅದೇ ದಿನ ಇದನ್ನೂ ತೋರಿಸಿದರೆ ಒಳ್ಳೆಯದು. ಎರಡೂ ಕೂಡಿ ಎರಡೂವರೆ ತಾಸಿನೊಳಗೆ ಮುಗಿಯುವವು, ಚರ್ಚೆಗೆ ಸಂಜೆ ಉಳಿಯುವದು.