ಹೈಬ್ರಿಡ್ ಕಾರಿನ ಗೇರ್‌ಬಾಕ್ಸ್: ದುರಸ್ತಿ ಪದ್ಧತಿಯ ಒಂದು ವಿಮರ್ಶೆ

ಕರ್ನಾಟಕದ ರಸ್ತೆಗಳಲ್ಲಿರುವ ಮೊದಲ ತಲೆಮಾರಿನ ಹೈಬ್ರಿಡ್ ಕಾರುಗಳಿಗೆ ಈಗ ವಯಸ್ಸಾಗಿದೆ. ಹೋಂಡಾ ಸಿವಿಕ್ ಹೈಬ್ರಿಡ್ 2008ರಲ್ಲಿ, ಟೊಯೊಟಾ ಪ್ರಿಯಸ್ 2010ರಲ್ಲಿ ಆಮದಾಗಿ ಬಂದವು. 2013ರಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕ್ಯಾಮ್ರಿ ಹೈಬ್ರಿಡ್ ತಯಾರಾಗತೊಡಗಿತು. 2022ರಲ್ಲಿ ಅದೇ ಬಿಡದಿಯಿಂದ ಹೈರೈಡರ್, ಗ್ರ್ಯಾಂಡ್ ವಿಟಾರಾ, ಇನ್ನೋವಾ ಹೈಕ್ರಾಸ್ ಹೊರಬಂದವು. ಮಹಾನಗರದಲ್ಲಿ ಹಳತಾದ ಕಾರು ಎರಡನೆಯ, ಮೂರನೆಯ ಮಾಲೀಕನ ಕೈಸೇರಿ ಜಿಲ್ಲೆಗಳತ್ತ ಬರುವುದು ಮೊದಲಿನಿಂದಲೂ ನಡೆದಿರುವ ಕ್ರಮ. ವಿಜಯಪುರ ನಗರ ಮತ್ತು ಅದೇ ಜಿಲ್ಲೆಯ ತಿಕೋಟಾ, ಬಬಲೇಶ್ವರ, ಬಿಜ್ಜರಗಿಯಂಥ ಊರುಗಳಲ್ಲಿ ಇಂಥ ಕಾರು ಕೆಟ್ಟು ನಿಂತಾಗ ಯಾರು, ಹೇಗೆ ರಿಪೇರಿ ಮಾಡಬೇಕು ಎಂಬ ಪ್ರಶ್ನೆ ಆದ್ದರಿಂದ ಮುಖ್ಯವಾಗುತ್ತದೆ. ಎಚ್ಚರಿಕೆಯ ದೀಪ ಹೊತ್ತಿ ಗಾಡಿ ಎಳೆಯದಿದ್ದರೆ ‘ಗೇರ್‌ಬಾಕ್ಸ್ ಹೋಗಿದೆ, ಇಡಿಯಾಗಿ ಬದಲಿಸಬೇಕು’ ಎಂದು ತೀರ್ಪು ಕೊಡುವ ಪದ್ಧತಿ ಬಹಳ ಕಡೆ ಇದೆ. ಈ ತೀರ್ಪು ಹಲವು ಸಲ ತಪ್ಪಾಗಿರುತ್ತದೆ. ಅಳತೆ ಮಾಡುವ ಮೊದಲೇ ಹೇಳಿದಾಗಲಂತೂ ಅದಕ್ಕೆ ಆಧಾರವೇ ಇರುವುದಿಲ್ಲ.

ತಪ್ಪಿನ ಮೂಲ ಯಂತ್ರದ ರಚನೆಯನ್ನು ಅರಿಯದಿರುವುದರಲ್ಲಿದೆ. ಟೊಯೊಟಾದ ಹೈಬ್ರಿಡ್‌ನಲ್ಲಿ ಗೇರ್‌ಬಾಕ್ಸ್‌ನ ಜಾಗದಲ್ಲಿರುವ ಟ್ರಾನ್ಸಾಕ್ಸಲ್ ಎಂಬ ಘಟಕದಲ್ಲಿ ಬದಲಾಯಿಸಬೇಕಾದ ಗೇರುಗಳ ಸಾಲಿಲ್ಲ. ಸವೆದು ಜಾರುವ ಕ್ಲಚ್ ಫಲಕಗಳಾಗಲಿ, ಬೆಲ್ಟಾಗಲಿ ಇಲ್ಲ. ಒಂದು ಗ್ರಹಗೇರು ಮತ್ತು ಎರಡು ವಿದ್ಯುತ್ ಮೋಟರುಗಳು ಸೇರಿ ಅದರ ಕೆಲಸ ನಡೆಸುತ್ತವೆ. ಎಂಜಿನ್ ಗ್ರಹಗೇರಿನ ವಾಹಕಕ್ಕೆ, ಜನರೇಟರಾಗಿಯೂ ಸ್ಟಾರ್ಟರಾಗಿಯೂ ದುಡಿಯುವ ಎಂಜಿ1 ನಡುವಿನ ಸೂರ್ಯಗೇರಿಗೆ, ಚಕ್ರಗಳನ್ನು ಓಡಿಸುವ ಎಂಜಿ2 ಹೊರಗಿನ ಉಂಗುರಗೇರಿನ ಕಡೆಗೆ ಕೂಡಿಕೊಂಡಿವೆ. ಪ್ರಿಯಸ್‌ನ ಸೂರ್ಯಗೇರಿಗೆ 30 ಹಲ್ಲು, ಉಂಗುರಗೇರಿಗೆ 78 ಹಲ್ಲು. ಹೀಗಾಗಿ ಎಂಜಿನ್ನಿನ ತಿರುಚುಬಲದಲ್ಲಿ ಸುಮಾರು ಶೇ 72 ಭಾಗ ಚಕ್ರದ ಕಡೆಗೂ, ಶೇ 28 ಭಾಗ ಜನರೇಟರಿನ ಕಡೆಗೂ ಹಂಚಿಹೋಗುತ್ತದೆ. ಎಂಜಿನ್ ಜೋರಾಗಿ ಕೂಗಿದರೂ ವೇಗ ಏರದಿದ್ದರೆ ಸಾಮಾನ್ಯ ಕಾರಿನಲ್ಲಿ ಕ್ಲಚ್ ಜಾರುತ್ತಿದೆ ಎನ್ನಬಹುದು. ಜಾರುವ ಕ್ಲಚ್ಚೇ ಇಲ್ಲದ ಈ ಯಂತ್ರಕ್ಕೆ ಆ ಮಾತು ಹೊಂದುವುದಿಲ್ಲ.

ಎಲ್ಲ ಹೈಬ್ರಿಡ್‌ಗಳೂ ಒಂದೇ ಬಗೆಯವಲ್ಲ ಎಂಬುದನ್ನೂ ದುರಸ್ತಿಗಾರ ಗಮನಿಸಬೇಕು. ಹಳೆಯ ಸಿವಿಕ್ ಹೈಬ್ರಿಡ್‌ನಲ್ಲಿ ಉಕ್ಕಿನ ಬೆಲ್ಟಿನ ಸಿವಿಟಿ (ಹಂತಗಳಿಲ್ಲದ ಗೇರ್‌ಬಾಕ್ಸ್) ಇದೆ. ಗಾಡಿ ಹೊರಡುವಾಗಿನ ನಡುಕಕ್ಕೆ ಅದರ ಆಯಿಲ್ ಮತ್ತು ಕ್ಲಚ್ ನಿಜವಾದ ಕಾರಣವಾಗಬಲ್ಲವು. 2022ರ ಹೋಂಡಾ ಸಿಟಿ ಹೈಬ್ರಿಡ್ ಬಹುಪಾಲು ಮೋಟರಿನಿಂದಲೇ ಓಡುತ್ತದೆ. ಹೆದ್ದಾರಿಯ ವೇಗದಲ್ಲಿ ಮಾತ್ರ ಒಂದು ಕ್ಲಚ್ ಎಂಜಿನ್ನನ್ನು ಚಕ್ರಕ್ಕೆ ಸೇರಿಸುತ್ತದೆ. 2015ರಿಂದ ಬಂದ ಮಾರುತಿ ಸಿಯಾಜ್, ಎರ್ಟಿಗಾಗಳ ಎಸ್‌ಎಚ್‌ವಿಎಸ್ ಎಂಬ ಸೌಮ್ಯ ಹೈಬ್ರಿಡ್ ವ್ಯವಸ್ಥೆಯಲ್ಲಿ ಇರುವುದು ಬೆಲ್ಟಿನಿಂದ ನಡೆಯುವ ಸ್ಟಾರ್ಟರ್-ಜನರೇಟರ್ ಮಾತ್ರ, ಗೇರ್‌ಬಾಕ್ಸ್ ಮಾಮೂಲಿನದೇ. ಹೈಬ್ರಿಡ್ ಎಂಬ ಒಂದೇ ಹೆಸರು ನೋಡಿ ಒಂದೇ ಮದ್ದು ಕೊಡುವುದು ಪದ್ಧತಿಯ ಮೊದಲ ದೋಷ.

ಮೊದಲು ಮಾಲೀಕ ಹೇಳುವ ಲಕ್ಷಣವನ್ನು ಬಿಡಿಸಿ ನೋಡಬೇಕು. ‘ಗಾಡಿ ಜಗ್ಗವಲ್ದು’ ಎಂಬ ದೂರಿನ ಹಿಂದೆ ಹೆಚ್ಚಾಗಿ ದುರ್ಬಲವಾದ ಹೈಬ್ರಿಡ್ ಬ್ಯಾಟರಿ ಇರುತ್ತದೆ. ಕ್ಯಾಮ್ರಿಯ 244.8 ವೋಲ್ಟಿನ ನಿಕಲ್ ಬ್ಯಾಟರಿಯಲ್ಲಿ ಒಂದು ಭಾಗ ಉಳಿದವುಗಳಿಗಿಂತ ಬೇಗ ಕುಸಿದರೆ ಏರಿನಲ್ಲಿ ಎಂಜಿನ್ ಕೂಗುತ್ತದೆ, ಕಾರು ಏರುವುದಿಲ್ಲ. ಬೆಳಗ್ಗೆ ಮೊದಲ ಸ್ಟಾರ್ಟಿನಲ್ಲಿ ‘ಗಡಗಡ’ ಎಂದು ಬಡಿದರೆ ಅದು ಗೇರಿನ ಸದ್ದು ಎನಿಸುತ್ತದೆ. ಆದರೆ ಮೂರನೆಯ ಪೀಳಿಗೆಯ ಪ್ರಿಯಸ್‌ನಲ್ಲಿ ಇಜಿಆರ್ (ಹೊಗೆಯನ್ನು ಎಂಜಿನ್ನಿಗೆ ಮರಳಿಸುವ ವ್ಯವಸ್ಥೆ) ಕೂಲರ್ ಕಟ್ಟಿಕೊಂಡು, ಹೆಡ್ ಗ್ಯಾಸ್ಕೆಟ್ ಸೋರಿ, ಸಿಲಿಂಡರಿಗೆ ಕೂಲಂಟ್ ಇಳಿದಾಗಲೂ ಇದೇ ಸದ್ದು ಬರುತ್ತದೆ. ಎಂಜಿನ್ ಮಿಸ್ ಹೊಡೆದಾಗ ಆ ಪೆಟ್ಟು ಎಂಜಿನ್ ಮತ್ತು ಟ್ರಾನ್ಸಾಕ್ಸಲ್ ನಡುವಿನ ಡ್ಯಾಂಪರಿಗೆ ತಗಲುವುದರಿಂದ ಟ್ರಾನ್ಸಾಕ್ಸಲ್ ನಡುಗುತ್ತದೆ. ವೇಗದೊಂದಿಗೆ ಏರುವ ಗುಂಯ್‌ಗುಟ್ಟುವಿಕೆ ಕಾರು ತಿರುವಿಕೊಂಡಾಗ ಹೆಚ್ಚು ಕಡಿಮೆಯಾದರೆ ಚಕ್ರದ ಬೇರಿಂಗನ್ನು ಶಂಕಿಸಬೇಕು. ತಿರುವಿಗೆ ಬದಲಾಗದೆ, ಎಂಜಿನ್ ಬಂದಾಗಿದ್ದಾಗಲೂ ವೇಗಕ್ಕೆ ತಕ್ಕಂತೆ ಏರಿದರೆ ಮಾತ್ರ ಟ್ರಾನ್ಸಾಕ್ಸಲ್ಲಿನ ಬೇರಿಂಗನ್ನು ಅನುಮಾನಿಸಲು ಕಾರಣವಿದೆ.

ಪರೀಕ್ಷೆ ಅಗ್ಗದ್ದರಿಂದ ಶುರುವಾಗಿ ದುಬಾರಿಯದಕ್ಕೆ ಸಾಗಬೇಕು. ಮೊದಲನೆಯದು 12 ವೋಲ್ಟಿನ ಸಣ್ಣ ಬ್ಯಾಟರಿ: ಅದು ಸೊರಗಿದರೆ ಒಂದಕ್ಕೊಂದು ಸಂಬಂಧವಿಲ್ಲದ ಎಚ್ಚರಿಕೆಗಳು ಒಟ್ಟಿಗೆ ಬರುತ್ತವೆ, ಪಾರ್ಕಿಂಗ್ ಬೀಗವೂ ತಕರಾರು ಮಾಡುತ್ತದೆ. ಎರಡನೆಯದು, ಬ್ಯಾಟರಿಯ ವಿದ್ಯುತ್ತನ್ನು ಮೋಟರಿಗೆ ಹೊಂದಿಸಿ ಕೊಡುವ ಇನ್ವರ್ಟರಿನ ತಂಪು ವ್ಯವಸ್ಥೆ: ಕಾರು ‘ರೆಡಿ’ ಸ್ಥಿತಿಯಲ್ಲಿದ್ದಾಗ ಅದರ ಕೂಲಂಟ್ ಡಬ್ಬಿಯಲ್ಲಿ ದ್ರವ ಅಲುಗಾಡದಿದ್ದರೆ ವಿದ್ಯುತ್ ಪಂಪು ನಿಂತಿದೆ ಎಂದು ಶಂಕಿಸಬೇಕು. ಸಣ್ಣ ಪಂಪೊಂದು ಕೆಟ್ಟು ಶಕ್ತಿ ಕುಂದಿದ ಕಾರಿಗೆ ಇಡೀ ಗೇರ್‌ಬಾಕ್ಸ್ ಬದಲಿಸುವುದು ಮಾಲೀಕನಿಗೆ ಮಾಡುವ ಅನ್ಯಾಯ. ಮೂರನೆಯದು ಸ್ಕ್ಯಾನರ್, ಇಲ್ಲಿ ಮುಖ್ಯ ಕೋಡಿನೊಂದಿಗೆ ಇರುವ ಉಪಕೋಡನ್ನೂ ಓದಲೇಬೇಕು. ಪಿ0ಎಎ6 ಎಂದರೆ ಹೈವೋಲ್ಟೇಜ್ ವಿದ್ಯುತ್ ಎಲ್ಲೋ ಬಾಡಿಗೆ ಸೋರುತ್ತಿದೆ ಎಂದಷ್ಟೇ ಅರ್ಥ. ಉಪಕೋಡು 611 ಆದರೆ ಎಸಿ ಕಂಪ್ರೆಸರಿನ ಕಡೆ, 612 ಆದರೆ ಬ್ಯಾಟರಿಯ ಕಡೆ, 613 ಆದರೆ ಟ್ರಾನ್ಸಾಕ್ಸಲ್ ಕಡೆ ಹುಡುಕಬೇಕು. ಅಗ್ಗದ ಸ್ಕ್ಯಾನರುಗಳು ಹೆಚ್ಚಾಗಿ ಮುಖ್ಯ ಕೋಡನ್ನಷ್ಟೇ ತೋರಿಸುತ್ತವೆ. ಅದನ್ನು ಮಾತ್ರ ನೋಡಿ ಬಿಡಿಭಾಗ ಬದಲಿಸುವುದು ಊಹೆಯ ಕೆಲಸವೇ ಆಗುತ್ತದೆ.

613 ಬಂದ ಮೇಲೂ ಅಳತೆ ಉಳಿದಿರುತ್ತದೆ. ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಮುಟ್ಟುವ ಮುನ್ನ ಹೈವೋಲ್ಟೇಜ್ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು, 10 ನಿಮಿಷ ಕಾದು, 1000 ವೋಲ್ಟಿನ ದರ್ಜೆಯ ರಬ್ಬರ್ ಕೈಗವಸು ಹಾಕಿಕೊಂಡು, ಇನ್ವರ್ಟರಿನಲ್ಲಿ ವೋಲ್ಟೇಜ್ ಶೂನ್ಯವಾಗಿದೆ ಎಂದು ಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು. ಪ್ರಿಯಸ್‌ನ ಇನ್ವರ್ಟರ್ 650 ವೋಲ್ಟ್‌ವರೆಗೂ ಏರಿಸಬಲ್ಲದು. ಇಲ್ಲಿ ಅವಸರಕ್ಕೆ ಪ್ರಾಣವೇ ಬೆಲೆ. ಆಮೇಲೆ ಮೋಟರಿನ ಕೇಬಲ್ ಬಿಚ್ಚಿ ಮೆಗರ್ ಎಂಬ ನಿರೋಧನ ಮಾಪಕದಿಂದ ಸುರುಳಿಯ ನಿರೋಧನವನ್ನೂ, ಸೂಕ್ಷ್ಮ ಓಮ್ ಮೀಟರಿನಿಂದ ಮೂರು ಫೇಸುಗಳ ರೋಧವನ್ನೂ ಅಳೆಯಬೇಕು. ಮೂರೂ ಸಮವಾಗಿದ್ದು ನಿರೋಧನ ಗಟ್ಟಿಯಾಗಿದ್ದರೆ ದೋಷ ಕೇಬಲ್ಲಿನಲ್ಲೋ ಇನ್ವರ್ಟರಿನಲ್ಲೋ ಇದೆ. ಇನ್ವರ್ಟರನ್ನು ಮರೆಯಬಾರದು ಎನ್ನುವುದಕ್ಕೆ 2014ರ ಉದಾಹರಣೆ ಸಾಕು: ಅದರ ಟ್ರಾನ್ಸಿಸ್ಟರುಗಳು ಅತಿಯಾಗಿ ಬಿಸಿಯಾಗುವ ಸಂಭವವಿದ್ದ ಕಾರಣ ಟೊಯೊಟಾ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಪ್ರಿಯಸ್‌ಗಳನ್ನು ಹಿಂದಕ್ಕೆ ಕರೆದು ಸಾಫ್ಟ್‌ವೇರ್ ಬದಲಿಸಿತು.

ಟ್ರಾನ್ಸಾಕ್ಸಲ್ ಆಯಿಲಿನ ವಿಷಯದಲ್ಲಿ ತಯಾರಕರ ಸಲಹೆಯನ್ನೂ ವಿಮರ್ಶಿಸಬೇಕಾಗುತ್ತದೆ. ಕ್ಲಚ್ಚಿನ ಪುಡಿ ಸೇರದ ಕಾರಣ ಈ ಆಯಿಲ್ ಬಹುಕಾಲ ಬಾಳುತ್ತದೆ ಎಂಬುದು ನಿಜ. ಹೀಗಾಗಿ ಎಷ್ಟೋ ವೇಳಾಪಟ್ಟಿಗಳಲ್ಲಿ ‘ಪರೀಕ್ಷಿಸಿ’ ಎಂದಿರುತ್ತದೆ, ‘ಬದಲಿಸಿ’ ಎಂದಿರುವುದಿಲ್ಲ. ಆದರೆ ಈ ಆಯಿಲ್ ಹಲ್ಲುಗಳಿಗೆ ಜಾರಿಕೆ ಕೊಡುವುದಲ್ಲದೆ ಮೋಟರಿನ ಸುರುಳಿಗಳ ಬಿಸಿಯನ್ನೂ ಒಯ್ಯುತ್ತದೆ. ಬೇರಿಂಗಿನಿಂದ ಉದುರಿದ ಲೋಹದ ಕಣ ಅದರಲ್ಲೇ ತಿರುಗುತ್ತಿರುತ್ತದೆ. ಹತ್ತು ವರ್ಷ ದಾಟಿದ ಕಾರಿನಲ್ಲಿ ಇದನ್ನು ಬದಲಿಸದಿರುವುದನ್ನು ಮಿತವ್ಯಯ ಎನ್ನಲಾಗದು. ಕೆಲಸವೂ ಸರಳ: ಕಾರನ್ನು ಸಮತಟ್ಟಾಗಿ ನಿಲ್ಲಿಸಿ, ಮೊದಲು ತುಂಬುವ ಬಿರಡೆ ಸಡಿಲವಾಗುತ್ತದೆಯೇ ನೋಡಿ, ನಂತರ ಕೆಳಗಿನದನ್ನು ಬಿಚ್ಚಿ, ತಯಾರಕರು ಹೇಳಿದ ದರ್ಜೆಯ ಆಯಿಲನ್ನೇ ತುಂಬುವ ರಂಧ್ರದ ಅಂಚಿನವರೆಗೆ ಹಾಕಬೇಕು. ಒತ್ತಡದ ಫ್ಲಶಿಂಗ್ ಬೇಕಿಲ್ಲ. ಹಳೆಯ ಆಯಿಲಿನಲ್ಲಿ ಲೋಹದ ಚೂರು ಸಿಕ್ಕರೆ ಅದು ಒಳಗಿನ ದೋಷದ ನೇರ ಸಾಕ್ಷಿ.

ವಿಜಯಪುರ ಜಿಲ್ಲೆಯ ಹವೆ ಈ ಯಂತ್ರಗಳ ಕಷ್ಟವನ್ನು ಹೆಚ್ಚಿಸುತ್ತದೆ. ಇಲ್ಲಿನ ಬೇಸಿಗೆ 40 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಹೊಲದ ದಾರಿಯ ಧೂಳು ಹಿಂದಿನ ಸೀಟಿನ ಬಳಿಯ ಬ್ಯಾಟರಿ ಫ್ಯಾನಿನ ಜಾಳಿಗೆಗೆ ಕಟ್ಟಿಕೊಂಡರೆ ಬ್ಯಾಟರಿ ಬೇಯುತ್ತದೆ. ದೂರು ಮಾತ್ರ ಗೇರ್‌ಬಾಕ್ಸ್ ಮೇಲೆ ಬರುತ್ತದೆ. ಇನ್ವರ್ಟರಿನ ಕೂಲಂಟಿಗೆ ಕೊಳವೆಬಾವಿಯ ಗಡುಸು ನೀರು ಬೆರೆಸಿದರೆ ಸಣ್ಣ ಕಾಲುವೆಗಳಲ್ಲಿ ಸುಣ್ಣದ ಪದರ ಕೂರುತ್ತದೆ. ಎಲ್ಲಕ್ಕಿಂತ ಅಪಾಯದ ರೂಢಿ, ನಿಂತ ಕಾರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವುದು. ಮುಂದಿನ ಚಕ್ರ ನೆಲದ ಮೇಲೆ ಉರುಳಿದರೆ ಎಂಜಿ2 ತಿರುಗಿ ವಿದ್ಯುತ್ ಹುಟ್ಟಿಸುತ್ತದೆ; ಇದ್ದ ದೋಷಕ್ಕೆ ಹೊಸದೊಂದು ಸೇರಬಹುದು. ಬಿಜ್ಜರಗಿಯಿಂದ ವಿಜಯಪುರಕ್ಕೆ ಒಯ್ಯಬೇಕಾದರೂ ನಾಲ್ಕೂ ಚಕ್ರ ಮೇಲೇರುವ ವಾಹನದಲ್ಲೇ ಒಯ್ಯಬೇಕು.

ಒಳಗಿನ ದೋಷ ಸಾಬೀತಾದಾಗ ಇಡೀ ಘಟಕವನ್ನು ಬದಲಿಸುವ ಪದ್ಧತಿಗೆ ಸಮರ್ಥನೆಯಿದೆ: ಒಳಜೋಡಣೆಯ ಅಳತೆಗಳು ಸೂಕ್ಷ್ಮ, ಮೋಟರಿನೊಳಗೆ ಬಲವಾದ ಶಾಶ್ವತ ಅಯಸ್ಕಾಂತಗಳಿವೆ, ಧೂಳಿನ ಅಂಗಡಿಯಲ್ಲಿ ಅದನ್ನು ತೆರೆಯುವುದು ಸಲ್ಲದು. ಆದರೆ ಒಂದು ಬೇರಿಂಗ್ ಅಥವಾ ಸೀಲ್ ಹೋದದ್ದಕ್ಕೆ ಹಳೆಯ ಕಾರಿನ ಬೆಲೆಗೆ ಸಮೀಪಿಸುವ ಘಟಕ ಕೊಳ್ಳಬೇಕಾದರೆ ಸುಸ್ಥಿತಿಯ ಕಾರೂ ಗುಜರಿಗೆ ಹೋಗುತ್ತದೆ. ಗುಜರಿಯಾದ ಹೈಬ್ರಿಡ್‌ಗಳು ನಮ್ಮಲ್ಲಿ ವಿರಳವಾದ್ದರಿಂದ ಹಳೆಯ ಘಟಕ ಸಿಗುವುದೂ ಕಷ್ಟ. ಸಿಕ್ಕರೂ ಅಳೆಯದೆ ಕೂರಿಸಬಾರದು. ಹೈಬ್ರಿಡ್‌ಗಳ ಇ-ಡ್ರೈವ್ (ಮೋಟರುಗಳಿರುವ ಟ್ರಾನ್ಸಾಕ್ಸಲ್ ಘಟಕ) ಈಗ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್‌ನಲ್ಲೇ ತಯಾರಾಗುತ್ತಿರುವಾಗ ಅದರ ಬೇರಿಂಗು, ಸೀಲು, ಡ್ಯಾಂಪರುಗಳು ಬಿಡಿಯಾಗಿಯೂ ದೊರೆಯುವಂತೆ ಮಾಡುವುದು, ರಾಜ್ಯದಲ್ಲೇ ಒಂದು ಪುನರ್‌ನಿರ್ಮಾಣ ಕೇಂದ್ರ ನಡೆಸುವುದು ನ್ಯಾಯವಾದ ನಿರೀಕ್ಷೆ. ಬಿಡದಿಯ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಗ್ರಾಮೀಣ ಹುಡುಗರನ್ನು ತಯಾರು ಮಾಡುತ್ತಿದೆ. ಅಂಥ ಕಲಿಕೆ ಜಿಲ್ಲೆಯ ಐಟಿಐಗಳಿಗೂ, ಈಗಾಗಲೇ ಗ್ಯಾರೇಜು ನಡೆಸುತ್ತಿರುವ ಅನುಭವಿ ಮೇಸ್ತ್ರಿಗಳಿಗೂ ತಲುಪಬೇಕು.

ಹಳೆಯ ಹೈಬ್ರಿಡ್‌ನ ಟ್ರಾನ್ಸಾಕ್ಸಲ್ ಗಟ್ಟಿಯಾದ ರಚನೆ. ಅದರ ಸುತ್ತಲಿನ ಬ್ಯಾಟರಿ, ಪಂಪು, ಫ್ಯಾನು, ಕೂಲಂಟುಗಳು ಅದಕ್ಕಿಂತ ಮೊದಲೇ ಸೋಲುತ್ತವೆ. ಆದ್ದರಿಂದ ಒಂದು ಗ್ಯಾರೇಜಿನ ಯೋಗ್ಯತೆಯನ್ನು ಅದು ಎಷ್ಟು ಗೇರ್‌ಬಾಕ್ಸ್ ಬದಲಿಸಿತು ಎಂಬುದರಿಂದ ಅಳೆಯಲಾಗದು. ಬದಲಿಸುವ ಮುನ್ನ ಏನನ್ನು ಅಳೆಯಿತು, ಆ ಅಂಕಿಗಳನ್ನು ಮಾಲೀಕನಿಗೆ ಬರೆದುಕೊಟ್ಟಿತೇ ಎಂಬುದೇ ಸರಿಯಾದ ಮಾನದಂಡ.