ಪರಮಾರ್ಥ ಗುರುವಿನ ಪಟ್ಟಿ

ದಡ್ಡತನಕ್ಕೆ ಬೀಜ ಬಿತ್ತಬೇಕಿಲ್ಲ, ನೀರು ಹಾಯಿಸಬೇಕಿಲ್ಲ, ಕಳೆಯಂತೆ ತಾನೇ ಬೆಳೆಯುತ್ತದೆ ಎಂಬ ಮಾತನ್ನು ನಾವೆಲ್ಲ ಆಡುತ್ತೇವೆ. ಇಟಲಿಯ ಆರ್ಥಿಕ ಇತಿಹಾಸಕಾರ ಕಾರ್ಲೊ ಚಿಪೊಲ್ಲ 1976ರಲ್ಲಿ ಬರೆದ ಮೂರ್ಖತನದ ನಿಯಮಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ: ಮೂರ್ಖತನ ರಕ್ತದ ಗುಂಪಿನಂತೆ ಹುಟ್ಟಿನಿಂದಲೇ ಬರುವಂಥದು, ಓದು, ಹಣ, ಹುದ್ದೆ ಯಾವುದಕ್ಕೂ ಅದರ ಜೊತೆ ಸಂಬಂಧವಿಲ್ಲ. ಓದಲು ಮಜವಾಗಿದೆ. ಆದರೆ ಪರಮಾರ್ಥ ಗುರುವಿನ ಕಥೆಗಳನ್ನು ಮತ್ತೆ ಓದಿದ ಮೇಲೆ ನನಗೆ ಈ ಮಾತು ಒಪ್ಪಿಗೆಯಾಗುತ್ತಿಲ್ಲ.

ಈ ಕಥೆಗಳನ್ನು ನಮ್ಮವೇ ಎಂಬಂತೆ ಕೇಳಿ ಬೆಳೆದವರು ನಾವು. ತಮಿಳಿನಲ್ಲಿ ಅವನ್ನು ಬರೆದವನು ಹದಿನೆಂಟನೆಯ ಶತಮಾನದ ಜೆಸ್ವಿಟ್ ಪಾದ್ರಿ ಬೆಸ್ಕಿ, ತಮಿಳರ ವೀರಮಾಮುನಿವರ್. (ಅವನೂ ಇಟಲಿಯವನೇ!) 1822ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾದವು.

ಹೊಳೆ ದಾಟಿದ ಕಥೆ ಎಲ್ಲರಿಗೂ ಗೊತ್ತು. ಹೊಳೆ ಎಚ್ಚರವಾಗಿದೆಯೋ ನಿದ್ದೆ ಮಾಡುತ್ತಿದೆಯೋ ನೋಡಲು ಶಿಷ್ಯನೊಬ್ಬ ಉರಿಯುವ ಕೊಳ್ಳಿಯನ್ನು ನೀರಿಗೆ ಅದ್ದುತ್ತಾನೆ. ಚುಸ್ಸೆಂದು ಹೊಗೆ ಏಳುತ್ತದೆ, ಎಚ್ಚರವಾಗಿದೆ! ಆಮೇಲೆ ಅದೇ ಆರಿದ ಕೊಳ್ಳಿಯನ್ನು ಅದ್ದಿದರೆ ಸದ್ದಿಲ್ಲ. ದಾಟುತ್ತಾರೆ. ದಾಟಿ ಎಣಿಸಿದರೆ ಆರು ಜನರಲ್ಲಿ ಒಬ್ಬ ಕಾಣೆ, ಎಣಿಸುವವ ತನ್ನನ್ನೇ ಬಿಟ್ಟು ಎಣಿಸುತ್ತಾನೆ.

ಈ ಎಣಿಕೆ ಬೆಸ್ಕಿಯ ಸ್ವಂತದ್ದಲ್ಲ. ವೇದಾಂತದಲ್ಲಿ ಇದು ಹತ್ತನೆಯವನ ದೃಷ್ಟಾಂತ. ವಿದ್ಯಾರಣ್ಯರ 'ಪಂಚದಶಿ'ಯಲ್ಲಿ ವಿಸ್ತಾರವಾಗಿಯೇ ಬರುತ್ತದೆ. ಅಲ್ಲಿ ದಾರಿಹೋಕನೊಬ್ಬ 'ಹತ್ತನೆಯವನು ನೀನೇ' ಎಂದರೆ ಸಾಕು, ಅಳು ನಿಲ್ಲುತ್ತದೆ. ಬೆಸ್ಕಿಯಲ್ಲಿ ದಾರಿಹೋಕ ಹಣ ಕೇಳುತ್ತಾನೆ, ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಒಂದೊಂದು ಏಟು ಕೊಟ್ಟು ಎಣಿಸುತ್ತಾನೆ. ನನಗೆ ಮುಖ್ಯವಾಗಿ ಕಾಣುವುದು ಈ ವ್ಯತ್ಯಾಸ. ವೇದಾಂತದ ಅವಿದ್ಯೆ ಅನಾದಿ, ಅದಕ್ಕೆ ಯಾರೂ ದುಡಿಯಬೇಕಿಲ್ಲ. ಒಂದು ಮಾತಿಗೆ ಕರಗುತ್ತದೆ. ಪರಮಾರ್ಥ ಗುರುವಿನ ಮಠದಲ್ಲಿರುವುದು ಬೇರೆ ಸರಕು. ಅಲ್ಲಿ ಪರೀಕ್ಷೆಯಿದೆ, ಸಾಕ್ಷಿಯಿದೆ, ಚರ್ಚೆಯಿದೆ, ಪಟ್ಟ ಶ್ರಮಕ್ಕೆ ಲೆಕ್ಕವಿಲ್ಲ. ಹೊಳೆಗೆ ಕೊಳ್ಳಿ ಅದ್ದುವವನನ್ನು ಸೋಮಾರಿ ಅನ್ನಲಾದೀತೆ?

ಪಟ್ಟಿಯ ಪ್ರಸಂಗ ನೋಡಿ. ಕುದುರೆಯ ಮೇಲೆ ಹೋಗುವಾಗ ಗುರುವಿನ ಪೇಟ ಬೀಳುತ್ತದೆ; ಎತ್ತಿಕೊಳ್ಳಿ ಎಂದು ಹೇಳಿರಲಿಲ್ಲವಾದ್ದರಿಂದ ಯಾರೂ ಎತ್ತುವುದಿಲ್ಲ. ಬಿದ್ದದ್ದನ್ನೆಲ್ಲ ಎತ್ತಿರಿ ಎಂದು ಬೈದರೆ ಲದ್ದಿಯನ್ನೂ ಎತ್ತಿ ಪೇಟದಲ್ಲಿ ತುಂಬುತ್ತಾರೆ. ಕೊನೆಗೆ ಎತ್ತಬೇಕಾದ ವಸ್ತುಗಳ ಪಟ್ಟಿ ತಯಾರಾಗುತ್ತದೆ. ಮುಂದೆ ಗುರುವೇ ಗುಂಡಿಗೆ ಬೀಳುತ್ತಾನೆ. ಪಟ್ಟಿಯಲ್ಲಿ ಬಟ್ಟೆಬರೆ ಇದೆ, ಗುರು ಇಲ್ಲ. ಶಿಷ್ಯರು ಬಟ್ಟೆಯನ್ನಷ್ಟೇ ಎತ್ತಿಕೊಳ್ಳುತ್ತಾರೆ. ತನ್ನನ್ನೂ ಎತ್ತಬೇಕೆಂದು ಗುರು ಬರೆದುಕೊಟ್ಟ ಮೇಲೆಯೇ ಅವನಿಗೆ ಬಿಡುಗಡೆ. ಆಫೀಸುಗಳ ಕೌಂಟರಿನ ಮುಂದೆ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. ಕಣ್ಣ ಮುಂದೆ ಮನುಷ್ಯ ಬಿದ್ದಿರುವಾಗ ಪಟ್ಟಿಯ ಕಡೆ ನೋಡುವುದು ಹುಟ್ಟುಗುಣವಲ್ಲ, ಕಲಿಸಿದ್ದು. ಅಷ್ಟಕ್ಕೂ ಮೊದಲು ಬೈಸಿಕೊಂಡದ್ದು ಪಟ್ಟಿಯಿಲ್ಲದೆ ನಡೆದದ್ದಕ್ಕೇ. ಎಲ್ಲವೂ ತಾನಾಗಿ ಬೆಳೆದದ್ದು ಅಂದುಬಿಟ್ಟರೆ ಕಲಿಸಿದವನು ಬಚಾವ್.

ಪರಧರ್ಮದ ಮಠವನ್ನು ಗೇಲಿ ಮಾಡುವ ಪಾದ್ರಿಯ ಕಣ್ಣು ಇಲ್ಲಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದ್ದೀತು. ಆದರೆ ವಿಧೇಯತೆ ಜೆಸ್ವಿಟರಿಗೂ ವ್ರತವೇ. ಒಳಗಿನಿಂದ ಬಲ್ಲವನೇ ಈ ಪಟ್ಟಿಯನ್ನು ಬರೆಯಬಲ್ಲ ಎಂದು ನನ್ನ ಗುಮಾನಿ.

ಚಿಪೊಲ್ಲನ ಲೆಕ್ಕದಲ್ಲಿ ಮೂರ್ಖನೆಂದರೆ ತನಗೆ ಲಾಭವಿಲ್ಲದೆ ಇತರರಿಗೆ ನಷ್ಟ ಮಾಡುವವನು. ಈ ಶಿಷ್ಯರು ಹೊಳೆಯ ದಡದಲ್ಲಿ ಕಳೆದುಕೊಂಡದ್ದು ತಮ್ಮದೇ ಹಣ, ಗಳಿಸಿದವನು ದಾರಿಹೋಕ. ಹಾಗಾಗಿ ಅವನ ಕೋಷ್ಟಕದಲ್ಲಿ ಇವರು ಮೂರ್ಖರೇ ಅಲ್ಲ, ಬರೀ ಅಸಹಾಯಕರು. ದಾರಿಹೋಕ ಖದೀಮ. ಗುರುವನ್ನು ಯಾವ ಮನೆಯಲ್ಲಿ ಕೂರಿಸಬೇಕೋ ನನಗಿನ್ನೂ ತಿಳಿಯುತ್ತಿಲ್ಲ.