ಶಾಸನ ಭಂಡಾರದ ವಿಭಾಗಕ್ರಮ: ಒಂದು ವಿಮರ್ಶೆ

ಶಾಸನಪಾಠಗಳನ್ನು ಅವುಗಳ ಪ್ರತಿಯೊಂದು ತಿದ್ದುಪಡಿಯ ಇತಿಹಾಸವೂ ಉಳಿಯುವಂತೆ ಗಣಕಯಂತ್ರದಲ್ಲಿ 'ಗಿಟ್' ಎಂಬ ವ್ಯವಸ್ಥೆಯಲ್ಲಿ ಇಡಬಹುದೆಂಬುದು ಈಗ ವಿದಿತವೇ ಇದೆ. ಕಡತಗಳು ಬಹುವಾದರೆ ಯಂತ್ರದ ಗತಿ ಮಂದವಾಗುವುದು, ಆದುದರಿಂದ ತಾಲೂಕಿಗೊಂದು ಭಂಡಾರವಿರಬೇಕು ಎಂಬ ವಾದವುಂಟು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಶಾಸನಗಳನ್ನು ಮುಂದಿಟ್ಟುಕೊಂಡು ಈ ವಾದವನ್ನು ಪರೀಕ್ಷಿಸಲು ಇಲ್ಲಿ ಉದ್ದೇಶಿಸಿದ್ದೇವೆ.

ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಏನು ಬದಲಾಗಿದೆಯೆಂದು ಕೇಳಿದಾಗ ಗಿಟ್ ಸಾಮಾನ್ಯವಾಗಿ ತನ್ನ ಸೂಚಿಯಲ್ಲಿರುವ ಕಡತಗಳನ್ನೆಲ್ಲ ಒಂದೊಂದಾಗಿ ವಿಚಾರಿಸುತ್ತದೆ. ಕಡತಗಳು ಹೆಚ್ಚಿದಷ್ಟೂ ಹಿಡಿಯುವ ಕಾಲವೂ ಹೆಚ್ಚು. 2017ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಭಂಡಾರದಲ್ಲಿ ಸುಮಾರು 35 ಲಕ್ಷ ಕಡತಗಳಿದ್ದು, ಬೇಕಾದುದನ್ನು ಬೇಕಾದಾಗ ಮಾತ್ರ ತರಿಸುವ ಉಪಾಯವನ್ನು ಅವರು ಹೂಡಬೇಕಾಯಿತು. ಆದರೆ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳ ಶಾಸನಗಳು ಸುಮಾರು 9000 ಮಾತ್ರ. ಅದರ ಕೆಲವು ಪಟ್ಟು ಪಾಠಗಳು ಸೇರಿದರೂ ಯಂತ್ರಕ್ಕೆ ಭಾರವಲ್ಲ. ಭಾರವಾಗುವುವು ಪಡಿಯಚ್ಚುಗಳ ಛಾಯಾಚಿತ್ರಗಳು. ಚಿತ್ರವನ್ನು ಬದಲಿಸಿದಾಗಲೆಲ್ಲ ಹಳೆಯದೂ ಉಳಿದು, ಭಂಡಾರದ ಪೂರ್ಣಪ್ರತಿಯನ್ನು ಪಡೆದವರೆಲ್ಲರೂ ಅದನ್ನು ಹೊರಬೇಕಾಗುತ್ತದೆ. ಅವನ್ನು ಬೇರೆಡೆ ಇಡುವುದೇ ಯುಕ್ತ.

ತಾಲೂಕು ಸ್ಥಿರವಾದ ಘಟಕವೆಂಬ ನಂಬಿಕೆಯೇ ಈ ವಾದದ ಮುಖ್ಯ ದೋಷ. ಅಬಲೂರಿನ ಶಾಸನಗಳನ್ನು ಫ್ಲೀಟ್ ಅವರು ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ (1898-99) ಪ್ರಕಟಿಸಿದಾಗ ಆ ಊರು ಕೋಡ ತಾಲೂಕಿನಲ್ಲಿದ್ದಿತು. ಹಿರೇಕೆರೂರಿನ ಹೆಸರು ಆ ತಾಲೂಕಿಗೆ ಅನಂತರ ಬಂದುದು. ಶಿಗ್ಗಾಂವಿಯು ಬಂಕಾಪುರ ತಾಲೂಕಿನ ಮುಖ್ಯಸ್ಥಳವಾಗಿದ್ದಿತು. ಸವಣೂರು 1948ರವರೆಗೆ ನವಾಬರ ಸಂಸ್ಥಾನ. 1997ರಲ್ಲಿ ಈ ನಾಲ್ಕೂ ಧಾರವಾಡ ಜಿಲ್ಲೆಯಿಂದ ಹೊಸ ಹಾವೇರಿ ಜಿಲ್ಲೆಗೆ ಸೇರಿದುವು. ಶಾಸನೋಕ್ತವಾದ ಪಾನುಂಗಲ್ಲು-500 ಈ ಯಾವ ಗಡಿಗೂ ಹೊಂದದು.

ಇಂತಹ ವಿಭಾಗದ ಫಲವನ್ನು ನಾವು ಈಗಾಗಲೇ ಉಂಡಿದ್ದೇವೆ. ಮೈಸೂರು ಸೀಮೆಯ ಶಾಸನಗಳನ್ನು ರೈಸ್ ಅವರು ತಾಲೂಕುವಾರು ಜೋಡಿಸಿದರು. ಮುಂಬಯಿ ಕರ್ನಾಟಕದವು ದಕ್ಷಿಣ ಭಾರತದ ಶಾಸನಮಾಲೆಯಲ್ಲಿ ರಾಜವಂಶಾನುಕ್ರಮವಾಗಿ ಬಂದುವು. ಹಾನಗಲ್ಲಿನ ಕದಂಬರನ್ನು ಅಭ್ಯಸಿಸುವ ವಿದ್ಯಾರ್ಥಿಯು ಒಂದರಲ್ಲಿ ಊರನ್ನೂ ಇನ್ನೊಂದರಲ್ಲಿ ಅರಸನನ್ನೂ ಹುಡುಕಬೇಕು. ಭಂಡಾರವನ್ನು ಒಡೆದರೆ ಈ ತೊಡಕೇ ಯಂತ್ರದೊಳಕ್ಕೂ ಬರುತ್ತದೆ.

ಗಿಟ್ ಕಡತದ ಒಳವಿಷಯವನ್ನು ಗುರುತಿಸುವುದು ಅದರ ಹೆಸರಿನಿಂದಲ್ಲ, ಆ ವಿಷಯದಿಂದಲೇ ಎಣಿಸಿದ ಅಂಕದಿಂದ. ಈ ತತ್ತ್ವ ನಮಗೂ ಮಾರ್ಗದರ್ಶಕ. ಶಾಸನಕ್ಕೆ ಶಾಶ್ವತವಾದ ಒಂದು ಸಂಖ್ಯೆಯಿರಲಿ. ತಾಲೂಕು, ವಂಶ, ಕಾಲಗಳು ಅದರ ವಿಶೇಷಣಗಳಾಗಿರಲಿ. ಒಂದೇ ಭಂಡಾರದೊಳಗೆ ಕಡತವು ಸ್ಥಾನ ಬದಲಿಸಿದರೂ ಅದರ ಪೂರ್ವೇತಿಹಾಸವನ್ನು ಹಿಂಬಾಲಿಸಬಹುದು. ಬೇರೆ ಭಂಡಾರಕ್ಕೆ ಬರಿಯ ಪ್ರತಿಮಾಡಿ ಸಾಗಿಸಿದರೆ ಆ ಎಳೆ ಕಡಿಯುತ್ತದೆ. ಸವೆದ ಅಕ್ಷರವೊಂದನ್ನು ಯಾರು, ಎಂದು, ಹೇಗೆ ಓದಿದರೆಂಬುದು ಅಳಿದ ಮೇಲೆ ಉಳಿಯುವ ಪಾಠವನ್ನು ನಂಬಬಹುದೇ ಹೊರತು ಪರೀಕ್ಷಿಸಲಾಗದು. ಯಂತ್ರದ ವೇಗಕ್ಕಾಗಿ ಇತಿಹಾಸಕಾರರು ತೆರಬಾರದ ಬೆಲೆ ಇದು.